ಸೀಟಿಗಿಂತ ಮುಂದೆ ಓಡಿದವಳು

ಇಪ್ಪತ್ತೆರಡು ವರ್ಷಗಳ ಹಿಂದೆ ಮಹಿಳಾ ಹಾಕಿ ಲೀಗಿನ ಏಳನೆಯ ತಂಡವನ್ನು ನಮ್ಮ ಊರು ಪಡೆದುಕೊಂಡಿತು. ಅದಕ್ಕಾಗಿ ಮೂರು ಊರುಗಳು ಪೈಪೋಟಿಗೆ ನಿಂತಿದ್ದವು. ಉಳಿದೆರಡೂ ನಮಗಿಂತ ದೊಡ್ಡವು, ಹಣವುಳ್ಳವು, ಬೆಳಗಾದರೆ ಪತ್ರಿಕೆಯಲ್ಲಿ ಹೆಸರು ಕಾಣಿಸುವಂಥವು. ನಾವು ಆ ತಂಡವನ್ನು ಪಡೆದದ್ದು ನಮ್ಮದೇ ಮೈದಾನದಲ್ಲಿ, ಮೂರು ಸಾವಿರ ಜನರ ಎದುರಿಗೆ, ಒಂದು ಪಂದ್ಯವನ್ನು ಸೋತು. ಆ ಪಂದ್ಯದ ಇಬ್ಬರು ಅಂಪೈರುಗಳಲ್ಲಿ ಒಬ್ಬಳು ನಾನು. ಸೋತ ಪಂದ್ಯವೊಂದನ್ನು ಇಷ್ಟು ಹೆಮ್ಮೆಯಿಂದ ನೆನೆಯುವವರು ಅಪರೂಪವಿರಬಹುದು. ಆದರೆ ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಪ್ರಬಂಧರಚನೆ ಕಲಿಸಿದವಳು ನಾನು. ಹೆಮ್ಮೆಯನ್ನು ಎಲ್ಲಿ ಅಡಗಿಸಬೇಕು, ಎಲ್ಲಿ ಹೊರಗಿಡಬೇಕು ಎಂಬುದನ್ನು ಬಲ್ಲೆ. ಆದ್ದರಿಂದ ಪ್ರತಿ ವರ್ಷ ತಂಡಕ್ಕೆ ಹೊಸ ಹುಡುಗಿಯರು ಬಂದಾಗ, ಅವರನ್ನು ಮೈದಾನದ ಅಂಚಿನ ಕಲ್ಲುಬೆಂಚಿನ ಸುತ್ತ ಕೂರಿಸಿಕೊಂಡು ಈ ಸಂಗತಿಯನ್ನು ಮೊದಲಿನಿಂದ ಹೇಳುತ್ತೇನೆ.

ನಮ್ಮ ಊರಿನಲ್ಲಿ ಶಬ್ದ ನಿಧಾನವಾಗಿ ನಡೆಯುತ್ತದೆ. ಎದುರುಬದುರು ಕುಳಿತು ಮಾತಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಬೀದಿಯ ಈ ಬದಿಯಿಂದ ಆ ಬದಿಗೆ ಹೋಗಲು ಮಾತಿಗೆ ಒಂದು ಉಸಿರಿನಷ್ಟು ಹೊತ್ತು ಬೇಕು; ಹಾಕಿ ಮೈದಾನದ ಈ ಗೋಲಿನಿಂದ ಆ ಗೋಲಿಗೆ ಹೋಗಲು ಹನ್ನೆರಡು ಎಣಿಸುವಷ್ಟು ಹೊತ್ತು. ಅಂಚೆಯ ಸಣ್ಣೀರಪ್ಪ ಸೈಕಲ್ ತುಳಿಯುವ ವೇಗವೂ ನಮ್ಮಲ್ಲಿ ಶಬ್ದ ಹೋಗುವ ವೇಗವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಅವನು ಬೀದಿಯ ತುದಿಯಲ್ಲಿ ಬಾರಿಸಿದ ಬೆಲ್ಲು ಅವನ ಜೊತೆಜೊತೆಯಲ್ಲೇ ಮನೆಬಾಗಿಲಿಗೆ ಬರುತ್ತಿತ್ತು. ಮಕ್ಕಳನ್ನು ಊಟಕ್ಕೆ ಕರೆಯುವ ತಾಯಂದಿರು ಅನ್ನದ ಗಂಜಿ ಬಸಿಯುವ ಮೊದಲೇ ಒಮ್ಮೆ ಕೂಗಿಟ್ಟು ಒಳಗೆ ಹೋಗುತ್ತಾರೆ. ಜಗಳದಲ್ಲಿ ಚುರುಕಾಗಿರುವವರು ಬೈಗುಳ ತಲುಪುವಷ್ಟರಲ್ಲಿ ತಿರುವು ದಾಟಿಬಿಡುತ್ತಾರೆ. ಆಮೇಲೆ ಆ ದಾರಿಯಲ್ಲಿ ಬಂದ ಯಾರೋ ಪಾಪದವರು ಅದನ್ನು ಕೇಳಿಸಿಕೊಂಡು, ತಮ್ಮದಲ್ಲವೆಂದು ತಿಳಿದು, ಮುಂದೆ ಸಾಗುತ್ತಾರೆ. ನಮ್ಮ ಶಾಲೆಯ ಗಂಟೆ ಕಚೇರಿಯ ಮುಂದಿತ್ತು, ಏಳನೆಯ ತರಗತಿ ದೂರದ ಹಿತ್ತಲ ಕಟ್ಟಡದಲ್ಲಿ. ಆರನೆಯವರು ಚೀಲ ಏರಿಸಿಕೊಂಡು ಗೇಟು ದಾಟುವಾಗ ಏಳನೆಯವರಿಗೆ ಆಗತಾನೆ ಗಂಟೆ ಕೇಳಿಸುತ್ತಿತ್ತು. ಅದನ್ನು ಸರಿದೂಗಿಸಲು ಅವರು ಬೆಳಿಗ್ಗೆಯೂ ಅಷ್ಟೇ ತಡವಾಗಿ ಬರಬಹುದೆಂದು ಹಿಂದಿನ ಮುಖ್ಯೋಪಾಧ್ಯಾಯಿನಿ ಆದೇಶ ಬರೆದಿಟ್ಟಿದ್ದರು.

ಇಂಥ ಊರಿನಲ್ಲಿ ಬಾಳಲು ಒಂದು ರೀತಿನೀತಿ ಬೇಕು, ಅದು ನಮಗಿದೆ. ದೂರದವರಿಗೆ ಏನಾದರೂ ಹೇಳಬೇಕಾದರೆ ಮೊದಲು ಬಲಗೈ ಎತ್ತಬೇಕು. ಮಾತು ಹೊರಟಿದೆ, ನಿಲ್ಲಿ ಎಂದು ಅದರ ಅರ್ಥ. ಕೈ ಕಂಡವರು ಇದ್ದಲ್ಲೇ ನಿಂತು ಮಾತು ಬರುವವರೆಗೆ ಕಾಯಬೇಕು. ಎತ್ತಿದ ಕೈಯನ್ನು ಕಂಡೂ ನಡೆದುಹೋದವನಿಗೆ ಹೆಣ್ಣು ಕೊಡಲು ನಮ್ಮಲ್ಲಿ ಹಿಂದುಮುಂದು ನೋಡುತ್ತಾರೆ. ಒಂದು ವೇಳೆ ಅವನು ಬೆನ್ನು ಹಾಕಿ ಹೋಗುತ್ತಿದ್ದು ಹಿಂದಿನ ಕೈ ಕಾಣದಿದ್ದರೆ, ಅವನ ಎದುರಿನಿಂದ ಬರುವವರು ತಾವು ಕೈ ಎತ್ತಿ ಅವನನ್ನು ನಿಲ್ಲಿಸಬೇಕು. ಅವರಿಗೂ ಅವನಿಗೂ ಗುರುತಿದೆಯೋ ಇಲ್ಲವೋ, ಅದು ಮುಖ್ಯವಲ್ಲ.

ಹಾಕಿಯನ್ನೂ ನಾವು ಹೀಗೆಯೇ ಆಡುತ್ತ ಬಂದೆವು. ಅಂಪೈರು ಸೀಟಿ ಊದುವುದು ನಿಯಮಪುಸ್ತಕಕ್ಕಾಗಿ, ಕೈ ಎತ್ತುವುದು ಆಟಕ್ಕಾಗಿ. ಆಟಗಾರ್ತಿಯರ ಒಂದು ಕಣ್ಣು ಚೆಂಡಿನ ಮೇಲಿದ್ದರೆ ಇನ್ನೊಂದು ಅಂಪೈರಿನ ಹೆಗಲ ಮೇಲಿರುತ್ತದೆ. ಪಂದ್ಯ ನಡೆಯುವಾಗ ಪ್ರೇಕ್ಷಕರು ಮಾತ್ರ ಕೈ ಎತ್ತುವಂತಿಲ್ಲ; ಎತ್ತಿದರೆ ಆಟ ನಿಂತುಹೋದೀತು. ಅವರು ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಊರಿಕೊಂಡು ಕೂರುತ್ತಾರೆ, ಖುಷಿಯಾದರೆ ಕಾಲು ಕುಟ್ಟುತ್ತಾರೆ. ಮೂಗಿನ ಮೇಲೆ ನೊಣ ಕೂತರೆ ತಲೆ ಕೊಡವುತ್ತಾರೆಯೇ ಹೊರತು ಕೈಯನ್ನು ಮಂಡಿಯಿಂದ ತೆಗೆಯುವುದಿಲ್ಲ.

ಒಳ್ಳೆಯ ಆಟಗಾರ್ತಿಯರಿಗೆ ನಮ್ಮಲ್ಲಿ ಕೊರತೆಯಿರಲಿಲ್ಲ. ಆದರೆ ಊರು ಬಿಟ್ಟು ಹೊರಗೆ ಹೋದರೆ ಅವರ ಆಟ ಸಾಗುತ್ತಿರಲಿಲ್ಲ. ಹೊರಗಿನ ಮೈದಾನಗಳಲ್ಲಿ ಸೀಟಿ ಊದಿದ ಗಳಿಗೆಯಲ್ಲೇ ಎಲ್ಲರ ಕಿವಿಗೂ ಬೀಳುತ್ತದಂತೆ. ಹುಟ್ಟಿದಾಗಿನಿಂದ ಕಣ್ಣಿನಿಂದ ನಿಲ್ಲಲು ಕಲಿತ ನಮ್ಮ ಹುಡುಗಿಯರಿಗೆ ಕಿವಿಯಿಂದ ನಿಲ್ಲುವುದು ಬರಲಿಲ್ಲ. ಕಿವಿಗೆ ಬಿದ್ದ ಸೀಟಿಯನ್ನು ಅವರು, ಯಾವಾಗಲೋ ಊದಿದ್ದು ಈಗ ಬಂದಿದೆ ಎಂದು ತಿಳಿದು ಆಟ ಮುಂದುವರಿಸುತ್ತಿದ್ದರು. ಏಳು ಮಂದಿ ಹೀಗೆ ಬೇರೆ ಬೇರೆ ತಂಡಗಳಿಗೆ ಹೋಗಿ, ಹಳದಿ ಕಾರ್ಡುಗಳನ್ನು ತಿಂದು, ಮರಳಿ ಬಂದಿದ್ದರು.

ಏಳನೆಯವಳು ಹೊನ್ನೂರಬಿ. ಪೇಟೆಯಲ್ಲಿ ಸ್ಟವ್ ರಿಪೇರಿ ಅಂಗಡಿ ಇಟ್ಟಿದ್ದ ದಸ್ತಗೀರಸಾಬರ ಮಗಳು, ನನ್ನ ಶಿಷ್ಯೆ, ಆಗ ಇಪ್ಪತ್ತಮೂರರ ಪ್ರಾಯ. ಆಕೆಯಷ್ಟು ಬಿರುಸಾಗಿ ಓಡುವವರನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಕೋಲಿನ ತುದಿಗೆ ಚೆಂಡನ್ನು ಅಂಟಿಸಿಕೊಂಡು ಆಕೆ ಬಲಗಡೆಯ ಗೆರೆಗುಂಟ ಓಡತೊಡಗಿದರೆ, ಹಿಂದಿನಿಂದ ಊದಿದ ಸೀಟಿ ಆಕೆಯನ್ನು ಹಿಡಿಯಲಾರದೆ ಬೆನ್ನಟ್ಟಿಕೊಂಡೇ ಬರುತ್ತಿತ್ತು. ಆಕೆ ನಿಂತ ಮೇಲೆ ಬಂದು ಮುಟ್ಟುತ್ತಿತ್ತು. ಬಂದರಿನ ಊರಿನ ತಂಡವೊಂದು ಆಕೆಯನ್ನು ಕರೆದುಕೊಂಡು ಹೋಗಿ ನಲವತ್ತು ದಿನಕ್ಕೆ ವಾಪಸು ಕಳಿಸಿತು. ಜೊತೆಯಲ್ಲಿ ಕಳಿಸಿದ ಕಾಗದದಲ್ಲಿ, ಈಕೆ ಸೀಟಿಗೆ ಕಿವುಡಿ, ಲೀಗಿನಲ್ಲಿ ಆಡಿಸಲು ಬರುವುದಿಲ್ಲ ಎಂದು ಬರೆದಿತ್ತು. ಅಂದಿನಿಂದ ಆಕೆ ಬೆಳಿಗ್ಗೆ ಅಪ್ಪನ ಅಂಗಡಿಯಲ್ಲಿ ಸ್ಟವ್ವುಗಳಿಗೆ ಗಾಳಿ ಹೊಡೆಯುತ್ತ, ಸಂಜೆ ನಮ್ಮ ಸಂಘದ ಮೈದಾನದಲ್ಲಿ ಆಡುತ್ತ ಇದ್ದಳು. ಲೀಗು ಇನ್ನೊಂದು ತಂಡವನ್ನು ಸೇರಿಸಿಕೊಳ್ಳುತ್ತದೆಂದೂ ಅದಕ್ಕಾಗಿ ಬೆಳೆಯುತ್ತಿರುವ ಊರುಗಳನ್ನು ನೋಡುತ್ತಿದ್ದಾರೆಂದೂ ಪತ್ರಿಕೆಯಲ್ಲಿ ಬಂದ ದಿನ ಆಕೆ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತಳು.

"ಅಕ್ಕೋರ, ನಾ ಹೊರಗ ಹೋಗಿ ಆಡಾಕ ಆಗೂದಿಲ್ಲ ಅಂತ ಗೊತ್ತಾತು. ಲೀಗು ಇಲ್ಲಿಗೆ ಬಂದ್ರ ಆಡ್ತೀನಿ. ಬರಲಿಲ್ಲಂದ್ರ ಕೋಲು ಒಲಿಗೆ ಇಟ್ಟು ಚಾ ಕಾಸ್ಕೊಂಡು ಕುಡೀತೀನಿ."

ಅಪ್ಪನ ಅಂಗಡಿಯಲ್ಲಿ ಇಷ್ಟು ಸ್ಟವ್ ಇರುವಾಗ ಕೋಲನ್ನೇ ಯಾಕೆ ಉರಿಸಬೇಕು ಎಂದು ನಾನು ಕೇಳಿದೆ. ಆಕೆ ನಗಲಿಲ್ಲ. ಹೀಗಾಗಿ ಅರ್ಜಿಯನ್ನು ಅಂದೇ ಕೂತು ಬರೆದೆ. ನಾಲ್ಕು ಪುಟದ ಆ ಅರ್ಜಿಯಲ್ಲಿ ಅನಗತ್ಯವಾದ ಒಂದು ವಿಶೇಷಣವೂ ಇರಲಿಲ್ಲವೆಂದು ಇಂದಿಗೂ ಎದೆ ತಟ್ಟಿ ಹೇಳಬಲ್ಲೆ.

ಮೂರು ತಿಂಗಳ ಮೇಲೆ ಲೀಗಿನವರು ಬಂದರು. ಜೊತೆಗೆ ಲೀಗಿನ ಒಂದು ತಂಡವನ್ನೂ ಕರೆತಂದರು, ನಮ್ಮ ಹುಡುಗಿಯರೊಡನೆ ಒಂದು ಪಂದ್ಯ ಆಡಿಸಿ ನೋಡಲು. ನಿರ್ಧಾರ ಕೈಯಲ್ಲಿದ್ದವರು ದೇಚಮ್ಮ ಎಂಬುವರು. ಸ್ವತಃ ದೊಡ್ಡ ಮಟ್ಟದಲ್ಲಿ ಆಡಿದವರು, ಮಾತು ಕಡಿಮೆ, ಮಂಡಿಯ ಮೇಲೆ ಹಳೆಯ ಹೊಲಿಗೆಯ ಗುರುತು. ಅವರ ಜೊತೆಗೆ ಬಂದ ಸುಧೀಂದ್ರ ಎಂಬ ಯುವಕನ ಬಳಿ ನಲವತ್ತೆರಡು ಪ್ರಶ್ನೆಗಳ ಒಂದು ಪಟ್ಟಿಯಿತ್ತು. ಒಳ್ಳೆಯ ಹೋಟೆಲಿನಲ್ಲಿ ಎಷ್ಟು ಕೋಣೆಗಳಿವೆ, ರೈಲು ದಿನಕ್ಕೆ ಎಷ್ಟು ಸಲ ಬರುತ್ತದೆ, ಶಾಲೆಗಳಲ್ಲಿ ಹಾಕಿ ಆಡುವ ಹೆಣ್ಣುಮಕ್ಕಳು ಎಷ್ಟು, ಹತ್ತು ವರ್ಷಗಳಲ್ಲಿ ಜನ ಎಷ್ಟು ಹೆಚ್ಚಿದ್ದಾರೆ ಎಂದು ಅವನು ಕೇಳುತ್ತ ಹೋದ, ನಾನು ಹೇಳುತ್ತ ಹೋದೆ. ಸಿದ್ಧ ಉಡುಪಿನ ಕಾರ್ಖಾನೆಗಳು ಬಂದ ಮೇಲೆ ನಮ್ಮ ಊರು ಒಂದೂವರೆ ಪಟ್ಟು ಬೆಳೆದಿತ್ತು. ಆ ಲೆಕ್ಕಕ್ಕೆ ಅವನು ತಲೆದೂಗಿ, ಮೂವತ್ತೆಂಟನೆಯ ಪ್ರಶ್ನೆಗೆ ಬಂದ.

"ಹೊಸದಾಗಿ ಬಂದಿರೋರು ಇಷ್ಟು ಜನ ಇದಾರಲ್ಲ ಮೇಡಂ, ಅವರು ಈ ಊರಿನ ತಂಡವನ್ನ ತಮ್ಮದು ಅಂದ್ಕೋತಾರಾ?"

ನಿಜ ಹೇಳಬೇಕೆಂದರೆ ಕಾರ್ಖಾನೆಯ ಮಂದಿಯನ್ನು ನಾವು ಹಳಬರು ಅಷ್ಟಾಗಿ ಹತ್ತಿರ ಸೇರಿಸಿಕೊಂಡಿರಲಿಲ್ಲ. ಅವರು ಬೀದಿಯಲ್ಲಿ ಕೈ ಎತ್ತದೆ ಕೂಗುತ್ತಾರೆ, ಎತ್ತಿದರೂ ಬೇಗ ಇಳಿಸಿಬಿಡುತ್ತಾರೆ ಎಂಬುದು ನಮ್ಮ ದೂರು. ಮೈದಾನದಲ್ಲೂ ಅವರಿಗೆ ಪೂರ್ವದ ಗೋಲಿನ ಹಿಂದಿನ, ಬಿಸಿಲಿಗೆ ಮುಖ ಮಾಡಿದ ಮೆಟ್ಟಿಲುಗಳನ್ನೇ ಬಿಟ್ಟುಕೊಟ್ಟಿದ್ದೆವು. ಆ ಪ್ರಶ್ನೆಯ ಮುಂದಿನ ಜಾಗವನ್ನು ಸುಧೀಂದ್ರ ಖಾಲಿ ಬಿಟ್ಟ.

ದೇಚಮ್ಮನವರ ಚಿಂತೆ ಬೇರೆಯದಾಗಿತ್ತು. ಅವರು ಮೈದಾನದ ಒಂದು ತುದಿಯಲ್ಲಿ ನಿಂತು, ಇನ್ನೊಂದು ತುದಿಯಲ್ಲಿ ನನ್ನಿಂದ ಸೀಟಿ ಊದಿಸಿ, ಕೈಗಡಿಯಾರ ನೋಡಿಕೊಂಡರು. ಆಮೇಲೆ ನಿಧಾನವಾಗಿ ನಡೆದು ಬಂದು, ತಮ್ಮ ಆಟಗಾರ್ತಿಯರು ಸೀಟಿಗೆ ಪಳಗಿದವರು, ಇಲ್ಲಿ ಆಡಲು ಬಂದು ಅದು ಕೇಳಿಸದೆ ಮುಂದೆ ಓಡಿದರೆ ತಪ್ಪು ಯಾರದು ಎಂದು ಕೇಳಿದರು. ನಮ್ಮಲ್ಲಿ ಯಾರೂ ಹಾಗೆ ಓಡುವುದಿಲ್ಲ ಎಂದೆ. ಬಂದರಿನ ಊರಿನಿಂದ ಬಂದ ಕಾಗದವನ್ನು ತಾವು ಓದಿರುವುದಾಗಿ ಅವರು ಹೇಳಿದರು. ಆ ಕಾಗದದ ಹುಡುಗಿ ನಾಳೆ ಆಡುತ್ತಾಳೆಯೇ ಎಂದೂ ಕೇಳಿದರು. ಆಡುತ್ತಾಳೆ ಎಂದೆ. "ನೋಡೋಣ" ಎಂದಷ್ಟೇ ಅಂದರು. ಆ ಸಂಜೆ ನಾನು ಇದನ್ನು ಹೊನ್ನೂರಬಿಗೆ ಮುಚ್ಚಿಡದೆ ಹೇಳಿದೆ. ಗೋಲು ಹೊಡೆಯದಿದ್ದರೂ ಚಿಂತೆಯಿಲ್ಲ, ನಿಲ್ಲಬೇಕಾದಾಗ ನಿಲ್ಲದೆ ಒಂದು ಹೆಜ್ಜೆ ಓಡಿದರೂ ತಂಡವೂ ಹೋಯಿತು, ನೀನೂ ಹೋದೆ ಎಂದೆ. ಆಕೆ ಕೋಲಿನ ಹಿಡಿಗೆ ಹೊಸ ಪಟ್ಟಿ ಸುತ್ತುತ್ತಿದ್ದಳು. ಸುತ್ತುವುದನ್ನು ನಿಲ್ಲಿಸದೆ ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ನಾನೊಂದು ತಪ್ಪು ಮಾಡಿದೆ. ಉಪ್ಪಿಟ್ಟು ತಿನ್ನುತ್ತ ಕುಳಿತಿದ್ದ ಸುಧೀಂದ್ರನಿಗೆ ನಮ್ಮ ಊರಿನ ರೀತಿಯನ್ನು ಕಲಿಸಹೋದೆ. ಹಿಂದಿನ ದಿನವೆಲ್ಲ ಅವನು ದೂರದವರನ್ನು ಕೂಗಿ, ಉತ್ತರ ಬರದೆ, ಇನ್ನೊಮ್ಮೆ ಕೂಗಿ, ಆಮೇಲೆ ಎರಡೂ ಉತ್ತರಗಳು ಒಟ್ಟಿಗೆ ಬಂದು ಗಲಿಬಿಲಿಗೊಂಡಿದ್ದ. ಆದ್ದರಿಂದ, ಇಲ್ಲಿ ದೂರದವರೊಡನೆ ಮಾತಾಡುವ ಮೊದಲು ಬಲಗೈಯನ್ನು ನೇರವಾಗಿ ಎತ್ತಬೇಕು, ಮೊಣಕೈ ಬಾಗಬಾರದು ಎಂದು ಶಾಲೆಯ ಮಕ್ಕಳಿಗೆ ಹೇಳುವಂತೆ ಹೇಳಿಕೊಟ್ಟು, ಎರಡು ಸಲ ಎತ್ತಿಸಿಯೂ ನೋಡಿದೆ. ಬುದ್ಧಿವಂತ ಹುಡುಗ, ತಟ್ಟನೆ ಕಲಿತ. ಪಂದ್ಯದ ಹೊತ್ತಿನಲ್ಲಿ ಪ್ರೇಕ್ಷಕರು ಎತ್ತಬಾರದು ಎಂಬ ಉಳಿದರ್ಧ ಪಾಠವನ್ನು ಹೇಳುವುದು ಮರೆತೇಹೋಯಿತು.

ಪಂದ್ಯ ಮಧ್ಯಾಹ್ನ ಮೂರೂವರೆಗೆ. ಮೂರು ಸಾವಿರ ಮಂದಿ ಕೈಗಳನ್ನು ಮಂಡಿಯ ಮೇಲೆ ಊರಿ ಕುಳಿತಿದ್ದರು. ಮೈದಾನದ ಒಂದು ಅರ್ಧಕ್ಕೆ ಅಂಪೈರು ನಾನು, ಇನ್ನೊಂದಕ್ಕೆ ಲೀಗಿನವರು ಕರೆತಂದ ಹೆಂಗಸು. ನಮ್ಮ ಹುಡುಗಿಯರು ಚೆನ್ನಾಗಿಯೇ ಆಡುತ್ತಿದ್ದರು. ಪ್ರೇಕ್ಷಕರ ಗದ್ದಲ ಅಳೆಯಲು ಸುಧೀಂದ್ರ ಒಂದು ಸಣ್ಣ ಯಂತ್ರ ತಂದಿದ್ದ. ಎದುರಿನ ಸಾಲಿನವರು ಕಾಲು ಕುಟ್ಟಿ ಧೂಳೆಬ್ಬಿಸಿದಾಗ ಅದರ ಮುಳ್ಳು ಅಲುಗಲಿಲ್ಲ. ಅವನು ನಿರಾಶನಾಗಿ ಸೊನ್ನೆ ಬರೆದುಕೊಳ್ಳುವಷ್ಟರಲ್ಲಿ, ಎಲ್ಲರೂ ತೆಪ್ಪಗೆ ಕೂತಿರುವಾಗ, ಮುಳ್ಳು ಕೊನೆಯವರೆಗೆ ಹಾರಿತು. ಅವನು ಆ ಯಂತ್ರವನ್ನು ಚೀಲದೊಳಗೆ ಇಟ್ಟುಬಿಟ್ಟ.

ಎರಡನೆಯ ಭಾಗದ ನಡುವಿನಲ್ಲಿ ಅವನಿಗೆ ಬಾಯಾರಿತು. ಚಹಾ ಮಾರುವ ಗುರಪ್ಪ ಮೈದಾನದ ಆಚೆ ಬದಿಯಲ್ಲಿದ್ದ. ಸುಧೀಂದ್ರ ಎದ್ದು ನಿಂತು, ನಾನು ಕಲಿಸಿದ ಹಾಗೆಯೇ, ಮೊಣಕೈ ಬಾಗದಂತೆ ಬಲಗೈ ಎತ್ತಿದ.

ನಮ್ಮ ಹನ್ನೊಂದು ಹುಡುಗಿಯರೂ ನಿಂತರು. ಚೆಂಡು ಕೋಲಿಗೆ ತಾಗಿಕೊಂಡಿದ್ದ ಸಾವಂತ್ರೆವ್ವ ಎತ್ತಿದ ಕಾಲನ್ನು ಊರಿ ನಿಂತಳು. ಜನರ ಕಾಲು ಕುಟ್ಟಾಟ ನಿಂತಿತು. ನಾನೂ ನಿಂತೆನೆಂದು ನಾಚಿಕೆಯಿಂದಲೇ ಬರೆಯುತ್ತೇನೆ. ಲೀಗಿನವರು ಇಷ್ಟು ಮುಖ್ಯವಾಗಿ ಹೇಳುವುದು ಏನಿರಬಹುದೆಂದು ಮೂರು ಸಾವಿರ ಮಂದಿಯೂ ಉಸಿರು ಹಿಡಿದು ಅವನ ಕಡೆಗೆ ನೋಡಿದರು. ಆ ಮೌನದಲ್ಲಿ ಅತಿಥಿ ತಂಡದ ಹುಡುಗಿಯೊಬ್ಬಳು, ಏನಾಯಿತೆಂದು ಅರ್ಥವಾಗದೆ, ಸಾವಂತ್ರೆವ್ವನ ಕೋಲಿನಿಂದ ಚೆಂಡನ್ನು ಮೆಲ್ಲನೆ ತೆಗೆದುಕೊಂಡು ಹೋಗಿ ನಮ್ಮ ಗೋಲಿನೊಳಗೆ ನೂಕಿದಳು. ಗೋಲು ಕಾಯಬೇಕಾದ ನಮ್ಮ ಗೋಲಿ ಕೂಡ ಸುಧೀಂದ್ರನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅವನ ಮಾತು ಒಂದೊಂದೇ ಸಾಲು ದಾಟಿಕೊಂಡು ಎಲ್ಲರ ಕಿವಿಗೂ ಬಂದು ಮುಟ್ಟಿತು.

"ಎರಡು ಚಹಾ. ಒಂದಕ್ಕೆ ಸಕ್ಕರೆ ಬೇಡ."

ನಗು ಕೂಡ ನಮ್ಮಲ್ಲಿ ಸಾಲು ಸಾಲಾಗಿಯೇ ಏಳುತ್ತದೆ. ಹತ್ತಿರದವರು ನಕ್ಕು ಮುಗಿಸುವಾಗ ದೂರದವರು ಶುರುಮಾಡಿದ್ದರು. ಗುರಪ್ಪ ಮಾತ್ರ ನಗದೆ ಎರಡು ಲೋಟ ತುಂಬಿಸಿಕೊಂಡು ಹೊರಟ. ಸೀಟಿ ಊದಿರಲಿಲ್ಲ, ಆಟ ನಿಂತಿರಲಿಲ್ಲ. ಆದ್ದರಿಂದ ಗೋಲು ಗೋಲೇ. ನಮ್ಮ ಹುಡುಗಿಯರಲ್ಲಿ ಒಬ್ಬಳೂ ತಕರಾರು ತೆಗೆಯಲಿಲ್ಲ. ಹೊನ್ನೂರಬಿ ನನ್ನ ಪಕ್ಕದಲ್ಲಿ ಹಾದು ಹೋಗುವಾಗ, "ಮೊಣಕೈ ಬಾಗದಂಗ ಭಾಳ ಚಲೋ ಎತ್ತಿದ್ರು ಅವರು, ಅಕ್ಕೋರ, ಯಾರು ಕಲಿಸಿದ್ದು?" ಎಂದು ಕೇಳಿದಳು. ನಾನು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಉತ್ತರ ತಪ್ಪಿಸಿಕೊಂಡೆ.

ಆಮೇಲೆ ಎರಡೂ ಕಡೆ ಗೋಲು ಬರಲಿಲ್ಲ. ಅತಿಥಿ ಹುಡುಗಿಯರು ತಡವಾಗಿ ಬರುವ ಸೀಟಿಗೆ ಕಾದು ಸೋತು, ನಮ್ಮವರನ್ನು ನೋಡಿ ನಿಲ್ಲಲು ಕಲಿಯತೊಡಗಿದ್ದರು. ಪಂದ್ಯ ಮುಗಿಯಲು ಎರಡು ನಿಮಿಷ ಉಳಿದಿತ್ತು. ನನ್ನ ಅರ್ಧದಲ್ಲಿ, ನಮ್ಮ ಗೋಲಿನಿಂದ ಸ್ವಲ್ಪ ದೂರದಲ್ಲಿ, ಸಾವಂತ್ರೆವ್ವ ಎದುರಾಳಿಯಿಂದ ಚೆಂಡು ಕಿತ್ತುಕೊಂಡಳು. ಕಿತ್ತುಕೊಳ್ಳುವಾಗ ಅದು ಆಕೆಯ ಎಡಪಾದಕ್ಕೆ ತಗುಲಿತು. ಹಾಕಿಯಲ್ಲಿ ಚೆಂಡು ಕಾಲಿಗೆ ತಗುಲಿದರೆ ತಪ್ಪು. ಬಹಳ ಮೆಲ್ಲನೆ ತಗುಲಿತು. ಸಾವಂತ್ರೆವ್ವನಿಗೇ ತಿಳಿಯಲಿಲ್ಲ, ಎದುರಾಳಿಗೂ ತಿಳಿಯಲಿಲ್ಲ. ತಿಳಿದದ್ದು ನನಗೊಬ್ಬಳಿಗೆ. ಆಕೆ ತಲೆಯೆತ್ತದೆ ಚೆಂಡನ್ನು ಉದ್ದಕ್ಕೆ ಹೊಡೆದಳು, ನಡುಗೆರೆಯ ಹತ್ತಿರ ಹೊನ್ನೂರಬಿ ಅದನ್ನು ಹಿಡಿದು ಓಡಿದಳು. ಮುಂದೆ ಗೋಲಿ ಒಬ್ಬಳೇ.

ನನ್ನ ಕೈ ಆ ಹೊತ್ತು ಎಷ್ಟು ಭಾರವಾಗಿತ್ತೆಂದು ನನಗೆ ಮಾತ್ರ ಗೊತ್ತು. ಎತ್ತದಿದ್ದರೆ ಕೇಳುವವರಿರಲಿಲ್ಲ. ಸೀಟಿ ಊದಿದೆ, ಕೈ ಎತ್ತಿದೆ. ಸಾವಂತ್ರೆವ್ವ ನಿಂತಳು, ಎಲ್ಲರೂ ನಿಂತರು. ಹೊನ್ನೂರಬಿಯೊಬ್ಬಳು ನಿಲ್ಲಲಿಲ್ಲ, ಆಕೆಯ ಬೆನ್ನು ನನ್ನ ಕಡೆಗಿತ್ತು. ಸೀಟಿ ಆಕೆಯ ಹಿಂದೆ ಹೊರಟಿತು, ಆದರೆ ಆಕೆ ಅದಕ್ಕಿಂತ ಮುಂದಿದ್ದಳು. ಇನ್ನೊಬ್ಬ ಅಂಪೈರು ಆಟದ ಜೊತೆಯಲ್ಲೇ ಓಡುತ್ತಿದ್ದುದರಿಂದ ಆಕೆಯೂ ನನ್ನನ್ನು ನೋಡಲಿಲ್ಲ. ಪವಿಲಿಯನ್ನಿನಲ್ಲಿ ದೇಚಮ್ಮನವರು ಎದ್ದು ನಿಂತದ್ದು ನನಗೆ ಕಂಡಿತು. ಆ ಕಾಗದದಲ್ಲಿ ಬರೆದದ್ದೆಲ್ಲ ಈಗ ಅವರ ಕಣ್ಣೆದುರಿಗೇ ನಡೆಯುತ್ತಿತ್ತು. ನನ್ನ ಬಾಯಲ್ಲಿ ಸೀಟಿ, ಗಾಳಿಯಲ್ಲಿ ಕೈ. ಇವೆರಡರ ಹೊರತು ಅಂಪೈರಿಗೆ ಬೇರೆ ಉಪಾಯವಿಲ್ಲ.

ಚೆಂಡನ್ನೇ ನೋಡುತ್ತಿದ್ದ ಗೋಲಿಯನ್ನು ಹೊನ್ನೂರಬಿ ಬಲಕ್ಕೆ ಬಾಗಿಸಿ ಎಡಕ್ಕೆ ದಾಟಿದಳು. ಮುಂದೆ ಖಾಲಿ ಗೋಲು. ಆಗ ಪೂರ್ವದ ಮೆಟ್ಟಿಲಿನ ಮೊದಲ ಸಾಲಿನಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕುಳಿತಿದ್ದ ಒಬ್ಬ ಹೆಂಗಸಿನ ಕೈ ಮಂಡಿಯಿಂದ ಮೇಲೆದ್ದಿತು. ಕಾರ್ಖಾನೆಯಲ್ಲಿ ಕಾಲರು ಹೊಲಿಯುವ ಆ ಹೆಂಗಸು ನಮ್ಮ ಊರಿಗೆ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲವೆಂದು ಆಮೇಲೆ ತಿಳಿಯಿತು. ಆಕೆಯ ಪಕ್ಕದವಳ ಕೈ ಎದ್ದಿತು, ಹಿಂದಿನ ಸಾಲಿನ ಕೈಗಳೆದ್ದವು. ನೋಡನೋಡುತ್ತಿದ್ದಂತೆ ಗೋಲಿನ ಹಿಂದಿನ ಮೆಟ್ಟಿಲುಗಳೆಲ್ಲ ಕೈಗಳಾದವು. ನಲವತ್ತು ವರ್ಷಗಳಿಂದ ಆ ಮೈದಾನದಲ್ಲಿ ಆಟದ ನಡುವೆ, ಸುಧೀಂದ್ರನದೊಂದನ್ನು ಬಿಟ್ಟರೆ, ಪ್ರೇಕ್ಷಕರ ಒಂದು ಕೈಯೂ ಎದ್ದಿರಲಿಲ್ಲ. ಈಗ ನಾನೂರು ಕೈಗಳು, ಒಂದೂ ಬೇಗ ಇಳಿಯಲಿಲ್ಲ. ಅಷ್ಟೂ ಜನರಿಗೆ ಆ ಗೋಲು ಬೇಕಾಗಿತ್ತು. ಆದರೆ ದೂರದಲ್ಲಿ ಒಬ್ಬ ಮುದುಕಿ ಕೈ ಎತ್ತಿ ನಿಂತಿದ್ದಾಳೆ, ಮುಂದೆ ಓಡುವವಳಿಗೆ ಅದು ಕಾಣುತ್ತಿಲ್ಲ, ತಮಗೆ ಕಾಣುತ್ತಿದೆ. ಹಾಗಿರುವಾಗ ಸುಮ್ಮನೆ ಕೂರುವುದು ಅವರಿಂದ ಆಗಲಿಲ್ಲ.

ಹೊನ್ನೂರಬಿ ನಿಂತಳು. ಎತ್ತಿದ್ದ ಕೋಲನ್ನು ಹೊಡೆಯದೆ ಹುಲ್ಲಿನ ಮೇಲೆ ಅಡ್ಡಲಾಗಿ ಇಟ್ಟು ಚೆಂಡನ್ನು ತಡೆದಳು. ಗೆರೆಯಿಂದ ಮೂರು ಗೇಣು ಈಚೆಗೆ. ಮೈದಾನದಲ್ಲಿ ಯಾರೂ ಅಲುಗಲಿಲ್ಲ. ಆಮೇಲೆ ನನ್ನ ಸೀಟಿ ಹೋಗಿ ಆಕೆಯನ್ನು ಮುಟ್ಟಿರಬೇಕು, ಯಾಕೆಂದರೆ ಆಕೆ ತಲೆಯಾಡಿಸಿ, ಚೆಂಡನ್ನು ಕೈಯಲ್ಲಿ ಎತ್ತಿಕೊಂಡು, ಅತಿಥಿ ಗೋಲಿಯ ಕೈಗೆ ಕೊಟ್ಟಳು. ನಾವು ಒಂದು ಗೋಲಿನಿಂದ ಸೋತೆವು.

ಪಂದ್ಯ ಮುಗಿದ ಮೇಲೆ ದೇಚಮ್ಮನವರು ಸಂಘದ ಕೋಣೆಗೆ ಬಂದು ಹೊನ್ನೂರಬಿಯನ್ನು ಕರೆಸಿದರು. ಆಕೆ ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದಳು.

"ಸೀಟಿ ಕೇಳಿಸ್ತಾ ನಿನಗೆ?"

"ಇಲ್ರಿ ಮೇಡಂ. ಅದು ನನ್ನ ಹಿಂದ ಇತ್ರಿ. ನಿಂತ ಮ್ಯಾಲ ಬಂತು."

"ಮತ್ತೆ ಯಾಕೆ ನಿಂತೆ?"

"ಮಂದಿ ಕೈ ಎತ್ತಿದ್ರಲ್ರಿ."

"ಹೊಡೆದಿದ್ರೆ ಸಮ ಆಗ್ತಿತ್ತು."

"ಎಲ್ಲಿ ಸಮರಿ. ಅಕ್ಕೋರು ಮೊದಲ ಕೈ ಎತ್ಯಾರ, ಅದು ಗೋಲು ಹ್ಯಾಂಗ ಆದೀತು?"

ದೇಚಮ್ಮನವರು ಮಂಡಿಯ ಹಳೆಯ ಹೊಲಿಗೆಯನ್ನು ಸವರಿಕೊಳ್ಳುತ್ತ ಕುಳಿತರು. ಉಳಿದೆರಡು ಊರುಗಳನ್ನು ಅವರು ಆಗಲೇ ನೋಡಿ ಬಂದಿದ್ದರು. ಗಣಿಯ ಊರಿನಲ್ಲಿ ರಾತ್ರಿ ಆಡಲು ದೀಪಗಳಿವೆ, ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಇಪ್ಪತ್ತು ಸಾವಿರ ಜನ ಕೂರುವಷ್ಟು ಜಾಗವಿದೆ ಎಂದು ಅವರೇ ನಮಗೆ ಹೇಳಿದರು. ನಾನು, ಸರಿ, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಹೊನ್ನೂರಬಿಯೂ ಹಾಗೆಯೇ ತಿಳಿದು, ಕೋಲನ್ನು ಗೋಡೆಗೆ ಒರಗಿಸಿ, ಅದರ ಕಡೆಗೆ ನೋಡದಂತೆ ಪಕ್ಕಕ್ಕೆ ಸರಿದು ನಿಂತಳು.

"ಆ ಎರಡು ಕಡೇನೂ ನೋಡಿದೆ," ಎಂದರು ದೇಚಮ್ಮನವರು. "ಒಂದು ಕಡೆ ಅಂಪೈರ್ ತಮ್ಮವರ ಮೇಲೆ ಸೀಟಿ ಊದಿದ್ರೆ ನೀರಿನ ಬಾಟಲಿ ಬೀಳುತ್ತೆ. ಇನ್ನೊಂದು ಕಡೆ ಜನ ಮನೆಯಿಂದಲೇ ಸೀಟಿ ತಂದು ಊದ್ತಾರೆ, ಹೊರಗಿನ ತಂಡ ಗಾಬರಿಯಾಗಿ ನಿಲ್ಲಲಿ ಅಂತ. ಇಪ್ಪತ್ತೈದು ವರ್ಷ ಆಡಿದೀನಿ, ಆಡಿಸಿದೀನಿ. ತಮ್ಮ ಹುಡುಗೀನ ತಾವೇ ನಿಲ್ಲಿಸಿದ ಊರು ನೋಡಿರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ಹೊರಗಿನಿಂದ ಬರುವ ತಂಡಗಳಿಗೆ ಪಂದ್ಯಕ್ಕೆ ನಾಲ್ಕು ದಿನ ಮೊದಲೇ ಇಲ್ಲಿ ವಸತಿ ಕೊಟ್ಟು ಈ ಕೈಯ ಪಾಠವನ್ನು ಪೂರ್ತಿಯಾಗಿ ಹೇಳಿಕೊಡಲು ಸಾಧ್ಯವೇ ಎಂದು ಕೇಳಿದರು. ಪೂರ್ತಿಯಾಗಿ ಎಂಬ ಮಾತನ್ನು ಅವರು ಒತ್ತಿ ಹೇಳಿದರು. ಮೂಲೆಯ ಮೇಜಿನ ಮುಂದೆ ಸುಧೀಂದ್ರ, ತಲೆ ಬಗ್ಗಿಸಿಕೊಂಡು, ಮೂವತ್ತೆಂಟನೆಯ ಪ್ರಶ್ನೆಯ ಮುಂದಿನ ಖಾಲಿ ಜಾಗದಲ್ಲಿ ಏನೋ ಬರೆಯುತ್ತಿದ್ದ.

ತಂಡ ನಮಗೇ ಎಂಬ ಲೀಗಿನ ಕಾಗದ ಮುಂದಿನ ತಿಂಗಳು ಬಂತು. ಸಣ್ಣೀರಪ್ಪ ಅದನ್ನು ಬೆಲ್ಲು ಬಾರಿಸದೆ ತಂದುಕೊಟ್ಟ. ಬೆಲ್ಲಿನ ಜೊತೆಗೆ ಬಂದರೆ ತಡವಾದೀತೆಂದು ಅದಕ್ಕಿಂತ ಜೋರಾಗಿ ತುಳಿದು ಬಂದನಂತೆ. ಹೊನ್ನೂರಬಿ ಲೀಗಿನಲ್ಲಿ ಒಂಬತ್ತು ವರ್ಷ ಆಡಿದಳು. ದಸ್ತಗೀರಸಾಬರು ಪಂದ್ಯದ ದಿನಗಳಲ್ಲಿ ಅಂಗಡಿಯ ಬಾಗಿಲು ಮುಚ್ಚಿ, ಪೂರ್ವದ ಮೆಟ್ಟಿಲಿನಲ್ಲಿ ಕಾರ್ಖಾನೆಯ ಮಂದಿಯ ನಡುವೆಯೇ ಹೋಗಿ ಕೂರುತ್ತಿದ್ದರು. ನಾವು ಹಳಬರೂ ಒಬ್ಬೊಬ್ಬರಾಗಿ ಆ ಕಡೆಗೇ ಸರಿದೆವು. ಬಿಸಿಲು ಹೆಚ್ಚಾದರೂ ಅಲ್ಲಿಂದ ಆಟ ಚೆನ್ನಾಗಿ ಕಾಣುತ್ತದೆ.

ಈ ವರ್ಷ ಹೊಸದಾಗಿ ಸೇರಿದವರಲ್ಲಿ ಮಲ್ಲವ್ವ ಎಂಬ ಹದಿನೆಂಟರ ಹುಡುಗಿಯೊಬ್ಬಳಿದ್ದಾಳೆ. ಅವಳ ತಾಯಿ ಈಗಲೂ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ನಿನ್ನೆ ಸಂಜೆ ನಾನು ಇದನ್ನೆಲ್ಲ ಹೇಳಿ ಮುಗಿಸುವವರೆಗೂ ಅವಳು ಕಲ್ಲುಬೆಂಚಿನ ಕೆಳಗೆ ಮಂಡಿ ತಬ್ಬಿಕೊಂಡು ಕುಳಿತಿದ್ದಳು. ಉಳಿದವರು ಎದ್ದು ಅಭ್ಯಾಸಕ್ಕೆ ಹೋದರು. ತಂಡದ ತರಬೇತುದಾರಳಾಗಿರುವ ಹೊನ್ನೂರಬಿ ಪಕ್ಕದಲ್ಲೇ ಕೂತು ಚೆಂಡುಗಳನ್ನು ಎಣಿಸಿ ಚೀಲಕ್ಕೆ ಹಾಕುತ್ತಿದ್ದಳು.

"ಅಕ್ಕೋರ, ಚೆಂಡು ಗೆರಿಯಿಂದ ಎಷ್ಟು ದೂರ ಇತ್ತಂದ್ರಿ?" ಎಂದು ಮಲ್ಲವ್ವ ಕೇಳಿದಳು.

ಮೂರು ಗೇಣು ಎಂದೆ.

"ಹೋದ ವಾರ ನಮ್ಮವ್ವನ ಮುಂದ ಎರಡು ಅಂದಿದ್ರಿ."

ಸಾಕ್ಷಿಗಾಗಿ ನಾನು ಹೊನ್ನೂರಬಿಯ ಕಡೆಗೆ ನೋಡಿದೆ. ಆಕೆ ಎಣಿಕೆ ತಪ್ಪಿಹೋಗದಂತೆ ಒಂದು ಚೆಂಡನ್ನು ಕೈಯಲ್ಲೇ ಹಿಡಿದು ಸ್ವಲ್ಪ ಯೋಚಿಸಿದಳು.

"ನಾ ಗೆರಿ ಎಲ್ಲಿ ನೋಡಿದ್ದೆ," ಎಂದಳು. "ಕೈ ನೋಡಿದ್ದೆ."

ಮಲ್ಲವ್ವ ಇನ್ನೂ ಹತ್ತಿರ ಸರಿದು ಕುಳಿತಳು. "ಹಂಗಾರ ಅಕ್ಕೋರ, ಮೊದಲಿಂದ ಇನ್ನೊಮ್ಮೆ ಹೇಳ್ರಿ. ಈ ಸಲ ನಾ ಎಣಿಸ್ಕೊಂತ ಕೇಳ್ತೀನಿ."